ತಂಬೂರಿಯ ಫೋಟೋದಲ್ಲಿ ಶ್ರುತಿ ಕಾಣುವುದಿಲ್ಲ

ಓದುಗರ ಪ್ರಶ್ನೆಗಳಿಗೆ ಧಾರವಾಡದ ವಾಕ್-ಶ್ರವಣ ತಜ್ಞೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಓದು ಹತ್ತದ ಮಗು, ಮತ್ತು ಮಿದುಳಿನ ಸ್ಕ್ಯಾನ್. ಯಾರೋ ವಾಟ್ಸ್ಆ್ಯಪ್‌ನಲ್ಲಿ ಬಣ್ಣದ ಮಿದುಳಿನ ಚಿತ್ರ ಹರಿಬಿಟ್ಟಿರಬೇಕು. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಆಯಿತು. ಸಂಪಾದಕರು ಬೈದರೆ ಬೈಯಲಿ.

ಪ್ರಶ್ನೆ: ನನ್ನ ಮಗ ಮೂರನೇ ಇಯತ್ತೆ. ಮಾತಿನಲ್ಲಿ ಭಾಳ ಶಾಣ್ಯಾ. ಕ್ರಿಕೆಟ್ ಸ್ಕೋರು, ಚಿಗರಿ ಬಸ್ಸಿನ ಸ್ಟಾಪುಗಳು ಎಲ್ಲ ಬಾಯಲ್ಲೇ ಇವೆ. ಪುಸ್ತಕ ತೆಗೆದರೆ ಮಾತ್ರ ಹೊಟ್ಟೆ ನೋವು ಅನ್ನುತ್ತಾನೆ. ಒಂದು ಸಾಲು ಓದಲು ಐದು ನಿಮಿಷ. ಸಂಬಂಧಿಕರು ಹೇಳಿದರೆಂದು ಎಂಆರ್‌ಐ ಮಾಡಿಸಿದೆವು. ಆರೂವರೆ ಸಾವಿರ ಖರ್ಚಾಯಿತು. ರಿಪೋರ್ಟ್ ನಾರ್ಮಲ್ ಅಂತ ಬಂತು. "ನೋಡು, ತಲ್ಯಾಗ ಏನೂ ದೋಷ ಇಲ್ಲ. ಬರೇ ಮೈಗಳ್ಳತನ" ಅಂತ ನಮ್ಮ ಅತ್ತೆ. ಇನ್ನೂ ದೊಡ್ಡ ಸ್ಕ್ಯಾನ್ ಇದೆಯಂತೆ. ಅದಕ್ಕೆ ಬೆಂಗಳೂರಿಗೆ ಕರೆದೊಯ್ಯಬೇಕಾ?
– ಒಬ್ಬ ತಾಯಿ, ಗೋಕುಲ ರೋಡ್, ಹುಬ್ಬಳ್ಳಿ

ಬೆಂಗಳೂರಿಗೆ ಹೋಗಬೇಡಿ, ತಂಗಿ. ಆ ದುಡ್ಡು ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಮಗನ ರಿಪೋರ್ಟ್ ಸುಳ್ಳಲ್ಲ. ಆ ಸ್ಕ್ಯಾನ್ ಹುಡುಕುವುದು ಗಡ್ಡೆ, ರಕ್ತಸ್ರಾವ, ಹಳೆ ಪೆಟ್ಟು ಇಂಥವನ್ನು. ಅವು ಇಲ್ಲ, ಸಂತೋಷ. ಆದರೆ ನೀವು ಕೇಳಿದ್ದು ಅದನ್ನಲ್ಲವಲ್ಲ. ತಂಬೂರಿಯ ಫೋಟೋ ತೋರಿಸಿ "ಶ್ರುತಿ ಸರಿ ಇದೆಯಾ?" ಎಂದು ಕೇಳಿದ ಹಾಗಾಯಿತು. ಬುರುಡೆ ಒಡೆದಿಲ್ಲ, ತಂತಿ ನಾಲ್ಕೂ ಇವೆ, ಇಷ್ಟನ್ನು ಫೋಟೋ ಹೇಳುತ್ತದೆ. ಶ್ರುತಿ ಗೊತ್ತಾಗಬೇಕಾದರೆ ಮೀಟಬೇಕು.

ಮೀಟಿ ನೋಡುವ ಸ್ಕ್ಯಾನೂ ಇದೆ. ನಿಮಗೆ ಯಾರೋ ಹೇಳಿದ "ದೊಡ್ಡ ಸ್ಕ್ಯಾನ್" ಬಹುಶಃ ಅದೇ. ಅದರ ಹೆಸರು ಫಂಕ್ಷನಲ್ ಎಂಆರ್‌ಐ. ಮಷಿನ್ ಬೇರೆ ಅಲ್ಲ, ಬಳಸುವ ರೀತಿ ಬೇರೆ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ, ಇವೆರಡೂ ಅಯಸ್ಕಾಂತದ ಮುಂದೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಈ ವ್ಯತ್ಯಾಸವನ್ನು ಚಿತ್ರವಾಗಿ ಹಿಡಿಯಬಹುದು ಎಂದು ಸೈಜಿ ಒಗಾವಾ ಎಂಬ ಜಪಾನಿ ವಿಜ್ಞಾನಿ 1990ರಲ್ಲಿ ತೋರಿಸಿದರು. ಎಕ್ಸ್‌ರೇ ಥರ ವಿಕಿರಣ ಇಲ್ಲ, ಸೂಜಿ ಇಲ್ಲ. ಹಾಗಾಗಿ ಆರೋಗ್ಯವಂತ ಮಕ್ಕಳನ್ನೂ ಅದರಲ್ಲಿ ಮಲಗಿಸಿ ಓದಿಸಲು ಸಾಧ್ಯವಾಯಿತು.

ನಾನೂ ಒಮ್ಮೆ ಮಲಗಿದ್ದೇನೆ. ಓದುತ್ತಿದ್ದ ಕಾಲದಲ್ಲಿ, ಒಂದು ಸಂಶೋಧನೆಗೆ "ತೊಂದರೆ ಇಲ್ಲದ ಓದುಗರು" ಬೇಕೆಂದಾಗ ಹೋಗಿದ್ದೆ. ಕಿವಿಯೋಲೆ, ಮೂಗುಬಟ್ಟು, ಹೇರ್‌ಪಿನ್ ಎಲ್ಲ ಬಿಚ್ಚಿಸಿದರು. ತಲೆಯ ಸುತ್ತ ಪಂಜರದಂಥದ್ದು, ಕಣ್ಣಿನ ಮೇಲೆ ಪುಟ್ಟ ಕನ್ನಡಿ. ಆ ಕನ್ನಡಿಯಲ್ಲಿ ಒಮ್ಮೆ ಅರ್ಥವಿಲ್ಲದ ಗೀಟು, ಒಮ್ಮೆ ಕನ್ನಡದ ಪದ. ಹೊರಗೆ ಯಾರೋ ತಗಡಿನ ಪತ್ರಾ ಬಡಿಯುತ್ತಿದ್ದಾರೆ ಎನ್ನುವಂಥ ಸದ್ದು. "ಅಲುಗಾಡಬೇಡಿ" ಎಂದು ಮೂರು ಸಲ ಹೇಳಿದ್ದರು. ಸರಿಯಾಗಿ ಆಗಲೇ ನನ್ನ ಮೂಗು ತುರಿಸಬೇಕೇ? ತಲೆ ಒಂಚೂರು ಅಲುಗಿತು. ಆ ಹತ್ತು ನಿಮಿಷದ ಲೆಕ್ಕ ಪೂರ್ತಿ ಕಸದಬುಟ್ಟಿಗೆ ಹೋಯಿತು. ನನ್ನ ಗತಿಯೇ ಹೀಗಾದರೆ, ಎಂಟು ವರ್ಷದ ಹುಡುಗನನ್ನು ಅಲ್ಲಿ ಮಲಗಿಸುವವರ ಪಾಡು ಯೋಚಿಸಿ. ಕೆಲವು ಕಡೆ ಮೊದಲು ಡಮ್ಮಿ ಮಷಿನ್ನಿನಲ್ಲಿ ಮಕ್ಕಳಿಗೆ ತಾಲೀಮು ಕೊಟ್ಟೇ ಒಳಗೆ ಬಿಡುತ್ತಾರೆ.

ಇಷ್ಟು ಕಷ್ಟಪಟ್ಟು ಏನು ತಿಳಿಯಿತು ಅನ್ನುತ್ತೀರಾ? ಮೊದಲನೆಯದು, ಓದಲಿಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗ ಇಲ್ಲ. ಮನುಷ್ಯ ಬರೆಯಲು ಶುರು ಮಾಡಿ ಐದು ಸಾವಿರ ವರ್ಷ ಆಗಿದೆ ಅಷ್ಟೇ. ಮಾತು ಅದಕ್ಕಿಂತ ಎಷ್ಟೋ ಹಳೆಯದು. ಅದಕ್ಕೇ ಮಾತನ್ನು ಯಾರೂ ಕಲಿಸುವುದಿಲ್ಲ, ಓದನ್ನು ಕಲಿಸಲೇಬೇಕು. ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹಾನ್ ಮತ್ತು ಜೊತೆಗಾರರು 2010ರಲ್ಲಿ ಪೋರ್ಚುಗಲ್ ಮತ್ತು ಬ್ರೆಜಿಲ್‌ನ 63 ಜನ ದೊಡ್ಡವರ ಮಿದುಳು ನೋಡಿದರು. ಕೆಲವರು ಶಾಲೆಗೇ ಹೋಗದವರು, ಕೆಲವರು ದೊಡ್ಡವರಾದ ಮೇಲೆ ಕಲಿತವರು, ಉಳಿದವರು ಚಿಕ್ಕಂದಿನಲ್ಲೇ ಕಲಿತವರು. ಓದು ಬಂದವರಲ್ಲಿ ಎಡಗಿವಿಯ ಹಿಂದೆ, ತುಸು ಕೆಳಗಿನ ಒಂದು ಜಾಗ ಅಕ್ಷರ ಕಂಡ ಕೂಡಲೇ ಎಚ್ಚರಾಗುತ್ತಿತ್ತು. ಓದು ಬಾರದವರಲ್ಲಿ ಅದೇ ಜಾಗ ಮುಖ, ವಸ್ತು ಗುರುತಿಸುವ ಕೆಲಸದಲ್ಲಿತ್ತು. ಅಂದರೆ ಅಕ್ಷರ ಬಂದು ಅಲ್ಲಿ ಒತ್ತುವರಿ ಮಾಡಿಕೊಂಡಿದೆ.

ಆ ಜಾಗದ ಸುಳಿವು ಸ್ಕ್ಯಾನ್ ಬರುವುದಕ್ಕೆ ನೂರು ವರ್ಷ ಮೊದಲೇ ಸಿಕ್ಕಿತ್ತು. ಪ್ಯಾರಿಸ್ಸಿನ ಒಬ್ಬ ವ್ಯಾಪಾರಿಗೆ 1887ರಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಓದು ಹೋಯಿತು. ಮಾತು ಸರಿ ಇತ್ತು, ಕಣ್ಣು ಕಾಣುತ್ತಿತ್ತು, ಬರೆಯಲೂ ಬರುತ್ತಿತ್ತು. ತಾನೇ ಬರೆದ ಕಾಗದವನ್ನು ಓದಲು ಆಗುತ್ತಿರಲಿಲ್ಲ! ಆತ ತೀರಿಕೊಂಡ ಮೇಲೆ ಡೆಜರಿನ್ ಎಂಬ ವೈದ್ಯರು ಮಿದುಳು ತೆರೆದು ನೋಡಿದರು. ಎಡಗಡೆ ಹಿಂಭಾಗದಲ್ಲಿ ಪೆಟ್ಟು ಇತ್ತು. ಅವರು ಅದನ್ನು ಬರೆದದ್ದು 1892ರಲ್ಲಿ. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಬೇಸರ ಇಲ್ಲ.

ಈಗ ನಿಮ್ಮ ಮಗನಂಥವರ ವಿಷಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಜ್, ಬೆನೆಟ್ ಶೇವಿಟ್ಜ್ ದಂಪತಿಯ ತಂಡ 2002ರಲ್ಲಿ 144 ಮಕ್ಕಳ ಸ್ಕ್ಯಾನ್ ಪ್ರಕಟಿಸಿತು. ಸುಮಾರು ಅರ್ಧದಷ್ಟು ಮಕ್ಕಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಹತ್ತದ ಕಲಿಕೆಯ ತೊಂದರೆ; ಉಳಿದವರು ಸರಾಗವಾಗಿ ಓದುವವರು. ಡಿಸ್ಲೆಕ್ಸಿಯಾ ಇದ್ದವರಲ್ಲಿ ಎಡಭಾಗದ ಹಿಂದಿನ ಜಾಗಗಳು ಓದುವಾಗ ಕಡಿಮೆ ಕೆಲಸ ಮಾಡುತ್ತಿದ್ದವು. ಅಕ್ಷರವನ್ನು ಸದ್ದಿಗೆ ಜೋಡಿಸುವ ಜಾಗ, ಪದವನ್ನು ಒಂದೇ ನೋಟಕ್ಕೆ ಹಿಡಿಯುವ ಜಾಗ, ಎರಡೂ. ಬೇರೆ ಕಡೆ ಆದ ಅಧ್ಯಯನಗಳೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೆರಳು ತೋರಿಸಿವೆ.

ಅತ್ತೆಯವರಿಗೆ ಹೇಳಲು ಒಂದು ಮಾತು ಕೊಡುತ್ತೇನೆ. ಬಾಸ್ಟನ್ನಿನಲ್ಲಿ ಇನ್ನೂ ಓದು ಕಲಿಯದ ಐದಾರು ವರ್ಷದ ಮಕ್ಕಳನ್ನು ಸ್ಕ್ಯಾನ್ ಮಾಡಿದ್ದಾರೆ. ಮನೆತನದಲ್ಲಿ ಡಿಸ್ಲೆಕ್ಸಿಯಾ ಇದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಆಗಲೇ ಕಾಣುತ್ತಿತ್ತು. ಪುಸ್ತಕವನ್ನೇ ಮುಟ್ಟದ ಕೂಸು ಓದಿನಲ್ಲಿ ಮೈಗಳ್ಳತನ ಮಾಡುವುದು ಹೇಗೆ? ಜಾಣತನಕ್ಕೂ ಇದಕ್ಕೂ ನಂಟು ಇಲ್ಲ. 2011ರಲ್ಲಿ ಸ್ಟ್ಯಾನ್‌ಫೋರ್ಡ್ ಕಡೆಯವರು ನೋಡಿದಾಗ, ಐಕ್ಯೂ ಹೆಚ್ಚಿದ್ದು ಓದು ಬಾರದ ಮಕ್ಕಳಲ್ಲೂ ಐಕ್ಯೂ ಕಡಿಮೆ ಇದ್ದು ಓದು ಬಾರದ ಮಕ್ಕಳಲ್ಲೂ ಸದ್ದು ಜೋಡಿಸುವ ಜಾಗ ಒಂದೇ ಥರ ಮಂದವಾಗಿತ್ತು.

ಹಾಗಾದರೆ ನನ್ನ ಮಗನಿಗೂ ಅದೇ ಸ್ಕ್ಯಾನ್ ಯಾಕೆ ಬೇಡ ಎನ್ನುತ್ತೀರಲ್ವಾ? ಇಲ್ಲೇ ಎಲ್ಲರೂ ಎಡವುವುದು. ಮೇಲೆ ಹೇಳಿದ್ದೆಲ್ಲ ಗುಂಪಿನ ಸರಾಸರಿ. ಹುಬ್ಬಳ್ಳಿ ಗಂಡಸರು ಹುಬ್ಬಳ್ಳಿ ಹೆಂಗಸರಿಗಿಂತ ಸರಾಸರಿ ಎತ್ತರ, ಅಲ್ವಾ? ಹಾಗಂತ ಐದೂವರೆ ಅಡಿ ಎಂದಷ್ಟೇ ಹೇಳಿದರೆ ಅದು ಗಂಡಸೋ ಹೆಂಗಸೋ ಹೇಳಲಾಗದು. ಹಾಗೆಯೇ ಒಂದೇ ಮಗುವಿನ ಚಿತ್ರ ನೋಡಿ "ಇದು ಡಿಸ್ಲೆಕ್ಸಿಯಾ" ಎಂದು ಬರೆದುಕೊಡಲು ಇವತ್ತಿಗೆ ಬರುವುದಿಲ್ಲ. ಸ್ಕ್ಯಾನಿನಲ್ಲಿ ಸಿಗುವ ಏರಿಳಿತ ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಆಸ್ಪತ್ರೆಯಲ್ಲಿ ಅದು ಡಿಸ್ಲೆಕ್ಸಿಯಾದ ಪರೀಕ್ಷೆಯೇ ಅಲ್ಲ. ಪರೀಕ್ಷೆ ಅಂದರೆ ಎದುರಿಗೆ ಕೂರಿಸಿಕೊಂಡು ಓದಿಸುವುದು, ಬರೆಸುವುದು, ಸದ್ದು ಒಡೆಸಿ ಕೂಡಿಸುವುದು. ಬೇಕಾಗುವುದು ಒಂದು ಮೇಜು, ಪೆನ್ಸಿಲ್, ಕಲಿತ ಮನುಷ್ಯ ಮತ್ತು ಎರಡು ಮೂರು ತಾಸು.

ನೀವು ಮಾಡಬೇಕಾದದ್ದು ಇಷ್ಟು. ಮೊದಲು ಕಿವಿ, ಕಣ್ಣು ತೋರಿಸಿ. ಇದನ್ನು ಬಿಟ್ಟು ನೇರ ಎಂಆರ್‌ಐಗೆ ಕಳಿಸಿದವರ ಮೇಲೆ ನನಗೆ ಸಿಟ್ಟಿದೆ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಲಿಕೆಯ ಪರೀಕ್ಷೆ. ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮೊದಲು ವಿಚಾರಿಸಿ. ಹೋಗುವಾಗ ಸ್ಕ್ಯಾನ್ ಫೈಲಿಗಿಂತ ಮುಖ್ಯವಾಗಿ ಮಗನ ಮೂರು ವರ್ಷದ ನೋಟ್‌ಬುಕ್ ಒಯ್ಯಿರಿ. ಕಲಿಕೆಯ ತೊಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಮಗುವಿಗೆ ಎಂಟು ತುಂಬಿದ ಮೇಲೆ ಪ್ರಮಾಣಪತ್ರಕ್ಕೆ ಪರೀಕ್ಷೆ ಮಾಡುತ್ತಾರೆ. ಮೂರನೇ ಇಯತ್ತೆ ಅಂದರೆ ಸರಿಯಾದ ಹೊತ್ತು.

ಇನ್ನು ಉಳಿಸಿದ ದುಡ್ಡಿನ ವಿಷಯ. ಪಿಟ್ಸ್‌ಬರ್ಗ್‌ನಲ್ಲಿ ಕೆಲ್ಲರ್ ಮತ್ತು ಜಸ್ಟ್ ಎಂಬ ಇಬ್ಬರು ಎಂಟರಿಂದ ಹತ್ತು ವರ್ಷದ, ಓದಿನಲ್ಲಿ ಹಿಂದಿದ್ದ ಮಕ್ಕಳಿಗೆ 100 ತಾಸು ಒತ್ತು ಕೊಟ್ಟು ಓದು ಕಲಿಸಿದ ಮೇಲೆ ಮಿದುಳು ನೋಡಿದರು. ಭಾಗದಿಂದ ಭಾಗಕ್ಕೆ ಸುದ್ದಿ ಒಯ್ಯುವ ನರತಂತುಗಳ ಕಟ್ಟು ಗಟ್ಟಿಯಾಗಿತ್ತು. ಹಾಗೆ ಕಲಿಸದೆ ಬಿಟ್ಟ ಮಕ್ಕಳಲ್ಲಿ ಆ ಬದಲಾವಣೆ ಇರಲಿಲ್ಲ. ಅದು 2009ರ ಮಾತು. 100 ತಾಸು ಅಂದರೆ ದಿನಕ್ಕೆ ಅರ್ಧ ತಾಸಿನಂತೆ ಇನ್ನೂರು ದಿನ. ದಸರಾ, ದೀಪಾವಳಿ, ಮದುವೆ-ಮುಂಜಿವೆ ಎಲ್ಲ ಬಿಟ್ಟರೂ ಒಂದು ವರ್ಷದಲ್ಲಿ ಆಗಿಹೋಗುತ್ತದೆ. ಆದರೆ ಅದನ್ನು ಕಲಿಸಿದವರು ತರಬೇತಿ ಪಡೆದ ಶಿಕ್ಷಕರು. ಪೆಟ್ಟು, "ಇಷ್ಟೂ ಬರಂಗಿಲ್ಲೇನು?" ಎನ್ನುವ ಮಾತು ಆ ನೂರು ತಾಸಿನ ಲೆಕ್ಕಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ದಿನ ಒಳ್ಳೆ ರೆಮಿಡಿಯಲ್ ಟೀಚರ್ ಹತ್ತಿರ ಕಳಿಸಿ, ಉಳಿದ ದಿನ ಅವರು ಹೇಳಿಕೊಟ್ಟಂತೆ ಮನೆಯಲ್ಲಿ ನೀವು ಮಾಡಿ.

ಇವತ್ತೇ ಶುರು ಮಾಡಬಹುದಾದ ಒಂದು ಆಟ ಇದೆ. ರೊಟ್ಟಿ ಬಡಿಯುತ್ತಲೇ ಆಡಬಹುದು, ಪುಸ್ತಕ ಬೇಡ. "ಕಮಲ ಅನ್ನೋದರಲ್ಲಿ ಮ ತೆಗೆದರೆ?" ಕಲ. "ಗಿಡ ಅನ್ನೋದರಲ್ಲಿ ಗಿ ಬದಲು ಗು ಹಾಕು." ಗುಡ! ಅರ್ಥ ಇರಬೇಕೆಂದಿಲ್ಲ, ನಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಹುಡುಗನಿಗೆ ಬಸ್ ಸ್ಟಾಪು ಇಷ್ಟ ಅಂದಿರಲ್ಲ. ಉಣಕಲ್, ನವಲೂರು ಇವನ್ನೇ ಒಡೆದು ಕೂಡಿಸಲಿ.

ಪ್ರಶ್ನೆ: ನಮ್ಮ ಶಾಲೆಯ ಐದನೇ ತರಗತಿಯ ಹುಡುಗನೊಬ್ಬ ಕನ್ನಡ ಓದುತ್ತಾನೆ, ಇಂಗ್ಲಿಷ್ ಒಂದಕ್ಷರ ಓದುವುದಿಲ್ಲ. ಒಂದು ಭಾಷೆಗೆ ಸರಿ ಇರುವ ಮಿದುಳು ಇನ್ನೊಂದಕ್ಕೆ ಕೆಟ್ಟಿರಲು ಸಾಧ್ಯವೇ?
– ಶಿಕ್ಷಕರು, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ

ಗುರುಗಳೇ, ಮೊದಲು ಒಂದು ಕೆಲಸ ಮಾಡಿ. ಅವನಿಗೆ ನೀವು ಇನ್ನೂ ಕಲಿಸದ ಪುಟ ಕೊಡಿ. ನಾನು ಶುರುವಿನ ದಿನಗಳಲ್ಲಿ ಮೋಸ ಹೋಗಿದ್ದೇನೆ. ಒಬ್ಬ ಹುಡುಗಿ ನನ್ನೆದುರು ಒಂದು ಪಾಠ ಗಡಗಡ ಓದಿದಳು. "ಇವಳಿಗೆ ಏನೂ ಆಗಿಲ್ಲ, ಗಮನ ಸಾಲದು" ಎಂದು ತಂದೆಗೆ ಹೇಳಿ ಕಳಿಸಿಬಿಟ್ಟೆ. ಮುಂದಿನ ವಾರ ಅವರೇ ಬಂದು, ಪುಸ್ತಕವನ್ನು ತಲೆಕೆಳಗೆ ಹಿಡಿಸಿ ಓದಿಸಿದರು. ಆಗಲೂ ಗಡಗಡ! ಪಾಠ ಪೂರ್ತಿ ಬಾಯಿಪಾಠ ಆಗಿತ್ತು. ಆ ತಂದೆಯ ಮುಖ ಇವತ್ತೂ ಕಣ್ಣೆದುರಿಗಿದೆ.

ಅರ್ಥವಿಲ್ಲದ ಪದಗಳನ್ನೂ ಓದಿಸಿ. ಕಿಮುಟೆ, ಲಗ್ಪೊ, ದರ್ಸಿ, ಇಂಥವು. ಜೊತೆಗೆ ಗಡಿಯಾರ ಇಟ್ಟುಕೊಳ್ಳಿ. ಬರೆದಂತೆ ಓದುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳು ತಪ್ಪು ಓದುವುದಕ್ಕಿಂತ ನಿಧಾನ ಓದುವುದು ಜಾಸ್ತಿ. ತಪ್ಪಿಲ್ಲವಲ್ಲ ಎಂದು ನಾವು ಸುಮ್ಮನಾಗುತ್ತೇವೆ.

ಭಾಷೆಯ ಪ್ರಶ್ನೆಗೆ 2001ರಲ್ಲಿ ಬಂದ ಒಂದು ಅಧ್ಯಯನ ನೇರ ಉತ್ತರ ಕೊಡುತ್ತದೆ. ಇಟಲಿಯ ಪಾವ್ಲೆಸು ಮತ್ತು ಜೊತೆಗಾರರು ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುವ, ಡಿಸ್ಲೆಕ್ಸಿಯಾ ಇರುವ ಕಾಲೇಜು ಹುಡುಗರ ಮಿದುಳು ನೋಡಿದರು. ಮೂವರಲ್ಲೂ ಮಂದವಾಗಿದ್ದ ಜಾಗ ಒಂದೇ. ಆದರೆ ಓದಿನಲ್ಲಿ ಇಟಲಿಯವರು ಮುಂದಿದ್ದರು. ಯಾಕೆಂದರೆ ಇಟಾಲಿಯನ್ ಹೆಚ್ಚುಕಡಿಮೆ ಬರೆದ ಹಾಗೇ ಓದುವ ಭಾಷೆ. ಇಂಗ್ಲಿಷಿನಲ್ಲಿ ನಲವತ್ತರಷ್ಟು ಸದ್ದನ್ನು ಸಾವಿರಕ್ಕೂ ಹೆಚ್ಚು ಬಗೆಯಲ್ಲಿ ಬರೆಯುತ್ತಾರೆ. ಮಿದುಳು ಅದೇ, ಹೊತ್ತ ಭಾರ ಬೇರೆ. ಚಕ್ಕಡಿಯ ಕೀಲು ಸಡಿಲ ಇದ್ದರೆ ಡಾಂಬರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಹೊಲದ ದಾರಿಗೆ ಇಳಿದಾಗ ಕಿರುಗುಟ್ಟುತ್ತದೆ.

ಹಾಗಂತ ಕನ್ನಡ ನುಣುಪು ರಸ್ತೆ ಎಂದು ಭಾವಿಸಬೇಡಿ. ನಾವು ದೊಡ್ಡವರು ಮರೆತಿದ್ದೇವೆ ಅಷ್ಟೇ. 34 ವ್ಯಂಜನಕ್ಕೆ ಕಾಗುಣಿತ ಹಾಕಿದರೆ ಅಕ್ಷರ ನಾನೂರು ದಾಟುತ್ತವೆ, ಮೇಲೆ ಒತ್ತಕ್ಷರ. "ಭಕ್ತಿ" ಎಂದು ಬರೆದು ನೋಡಿ. ಗುಡಿಸು ಇರುವುದು ಕ ಮೇಲೆ, ಇ ಎಂಬ ಸದ್ದು ಬರುವುದು ತ ಆದ ಮೇಲೆ. ಮಗು "ಭಕಿತ" ಎಂದು ಓದಿದರೆ ತಪ್ಪು ಯಾರದು? "ಸೂರ್ಯ"ದಲ್ಲಿ ಅರ್ಕಾವೊತ್ತು ಯ ಆದ ಮೇಲೆ ಕೂತಿದೆ, ಓದಬೇಕಾದದ್ದು ಯಗಿಂತ ಮೊದಲು. ಕಣ್ಣು ಹೋಗುವ ದಾರಿ ಒಂದು, ನಾಲಿಗೆ ಹೋಗುವ ದಾರಿ ಇನ್ನೊಂದು. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನದಲ್ಲಿ, ನಮ್ಮ ಮಕ್ಕಳು ಅಕ್ಷರ ಪೂರ್ತಿ ಹಿಡಿಯಲು ನಾಲ್ಕನೇ ತರಗತಿಯವರೆಗೂ ಹೊತ್ತು ಬೇಕು ಎಂದು ಕಂಡಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಅಳತೆಯಲ್ಲಿ ಕನ್ನಡದ ಮಗುವನ್ನು ಒಂದನೇ ತರಗತಿಗೇ ಫೇಲ್ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಂದಿನಿ ಚಟರ್ಜಿ ಸಿಂಗ್ ಅವರ ತಂಡ ಹಿಂದಿ-ಇಂಗ್ಲಿಷ್ ಎರಡೂ ಬಲ್ಲವರನ್ನು ಸ್ಕ್ಯಾನ್ ಮಾಡಿ, ಒಂದೇ ಮಿದುಳು ಎರಡು ಲಿಪಿಗೆ ಎರಡು ದಾರಿ ಹಿಡಿಯಬಲ್ಲದು ಎಂದು ತೋರಿಸಿದೆ. ಅದೇ ಕೇಂದ್ರದಿಂದ 2015ರಲ್ಲಿ ಡಾಲಿ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಬಂತು. ಅದು ಕನ್ನಡದಲ್ಲೂ ಇದೆ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಅಳೆಯುವ ಕಾಲ ಹೋಗಲಿ.

ಕೊನೆಗೆ ಮುಜುಗರದ ಪ್ರಶ್ನೆ. ಸಿಟ್ಟಾಗಬೇಡಿ. ಆ ಹುಡುಗನಿಗೆ ಇಂಗ್ಲಿಷ್ ಯಾರಾದರೂ ಸರಿಯಾಗಿ ಕಲಿಸಿದ್ದಾರಾ? ತರಗತಿಯ ಉಳಿದವರೂ ಓದುವುದಿಲ್ಲ ಎಂದಾದರೆ ಸ್ಕ್ಯಾನ್ ಮಾಡಬೇಕಾದದ್ದು ಅವನ ತಲೆಯನ್ನಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಆರು ವರ್ಷ. ಎಡಗೈಯಲ್ಲಿ ಬರೆಯುತ್ತಾಳೆ. 3, 7 ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತವೆ. ಮಿದುಳು ಎಡ-ಬಲ ಅದಲುಬದಲಾಗಿದೆಯೇ?
– ಒಬ್ಬ ಅಜ್ಜ, ಗದಗ

ಇಲ್ಲ ಅಜ್ಜಾ. ನಿಶ್ಚಿಂತೆಯಿಂದ ಸಂಜೆಯ ಗಿರ್ಮಿಟ್ ತಿನ್ನಿ.

ನಿಮ್ಮ ಅನುಮಾನಕ್ಕೆ ಇತಿಹಾಸ ಇದೆ. ಸ್ಯಾಮ್ಯುಯೆಲ್ ಆರ್ಟನ್ ಎಂಬ ಅಮೆರಿಕದ ವೈದ್ಯರು 1925ರಲ್ಲಿ ಹೀಗೇ ಯೋಚಿಸಿದ್ದರು. ಆ ವಿವರಣೆ ಆಮೇಲೆ ನಿಲ್ಲಲಿಲ್ಲ. ಈಗಿನ ವಿವರಣೆ ಸರಳ. ಎತ್ತು ಎಡಕ್ಕೆ ಮುಖ ಮಾಡಿದರೂ ಎತ್ತೇ, ಬಲಕ್ಕೆ ಮಾಡಿದರೂ ಎತ್ತೇ. ಲಕ್ಷಾಂತರ ವರ್ಷ ಮಿದುಳು ಕಲಿತ ಪಾಠ ಅದು. ಅಕ್ಷರದಲ್ಲಿ ಮಾತ್ರ ಆ ಪಾಠವನ್ನು ಮರೆಯಬೇಕು. ಇಂಗ್ಲಿಷಿನ ಸಣ್ಣ ಬಿ ತಿರುಗಿಸಿದರೆ ಡಿ. ಕನ್ನಡದಲ್ಲಿ ಅಂಥ ಜೋಡಿ ಸಿಗುವುದು ಕಷ್ಟ, ಅದಕ್ಕೇ ನಮಗೆ ಇದು ಅಂಕಿಯಲ್ಲೇ ಮೊದಲು ಕಣ್ಣಿಗೆ ಬೀಳುವುದು. ಆರು ವರ್ಷಕ್ಕೆ ಇದು ಎಲ್ಲ ಮಕ್ಕಳಲ್ಲೂ ಇರುವುದೇ. ಎರಡನೇ ತರಗತಿ ಮುಗಿಯುವ ಹೊತ್ತಿಗೂ ಜಾಸ್ತಿ ಇದ್ದು, ಓದೂ ಎಳೆಯುತ್ತಿದ್ದರೆ ಆಗ ತೋರಿಸಿ. ಎಡಗೈಯನ್ನು ಬಿಡಿಸಲು ಮಾತ್ರ ಹೋಗಬೇಡಿ.

ಪ್ರಶ್ನೆ: ನಮ್ಮ ಕಾಲೊನಿಯಲ್ಲಿ "ಮಿಡ್‌ಬ್ರೇನ್ ಆಕ್ಟಿವೇಶನ್" ಕ್ಲಾಸ್ ಶುರುವಾಗಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಪುಸ್ತಕ ಓದುತ್ತಾರೆ! ಕೋರ್ಸಿಗೆ ಮೊದಲು ಮತ್ತು ನಂತರದ್ದು ಎಂದು ಕೆಂಪು-ಹಳದಿ ಮಿದುಳಿನ ಚಿತ್ರ ತೋರಿಸಿದರು. ಫೀ ಹದಿನೈದು ಸಾವಿರ. ಓದಿನಲ್ಲಿ ಹಿಂದಿರುವ ಮಗಳನ್ನು ಸೇರಿಸಲೇ?
– ಒಬ್ಬ ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಬೇಡ. ಬಟ್ಟೆಯ ಕೆಳಗೆ, ಮೂಗಿನ ಪಕ್ಕದಲ್ಲಿ ಸಂದಿ ಇರುತ್ತದೆ. ಮಕ್ಕಳು ಅಲ್ಲಿಂದ ನೋಡುತ್ತಾರೆ. ಪುಸ್ತಕವನ್ನು ಹಣೆಯ ಎತ್ತರಕ್ಕೆ ಹಿಡಿಯಿರಿ, ಓದು ನಿಂತುಹೋಗುತ್ತದೆ. ಮಿಡ್‌ಬ್ರೇನ್ ಅಂದರೆ ಕಣ್ಣಾಲಿ ಹೊರಳಿಸುವಂಥ ಕೆಲಸ ನೋಡಿಕೊಳ್ಳುವ ಸಣ್ಣ ಭಾಗ. ನಿಮ್ಮ ಮಗಳಲ್ಲಿ ಅದು ಹುಟ್ಟಿದಾಗಿನಿಂದ ಆಕ್ಟಿವ್ ಆಗೇ ಇದೆ, ಬೇರೆಯವರು ಬಂದು ಚಾಲೂ ಮಾಡಬೇಕಿಲ್ಲ.

ಆ ಕೆಂಪು-ಹಳದಿ ಚಿತ್ರದ ಬಗ್ಗೆ ಒಂದು ಮಜಾ ಸಂಗತಿ. ಮಿದುಳು ಬಣ್ಣದಲ್ಲಿ ಹೊಳೆಯುವುದಿಲ್ಲ. ಲೆಕ್ಕ ಹಾಕಿ ಬಣ್ಣ ತುಂಬುವುದು ಕಂಪ್ಯೂಟರ್. ಲೆಕ್ಕ ಸಡಿಲ ಬಿಟ್ಟರೆ ಎಲ್ಲಿ ಬೇಕಾದರೂ ಬಣ್ಣ ಬರುತ್ತದೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಈ ಜನರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಕೇಳಿದರು. ಬಿಗಿ ಲೆಕ್ಕ ಹಾಕದೆ ಬಿಟ್ಟಾಗ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಬಂತು! ತಮ್ಮದೇ ಕಸುಬಿನವರನ್ನು ಎಚ್ಚರಿಸಲು ಮಾಡಿದ ತಮಾಷೆ ಅದು. 2012ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಸಿಕ್ಕಿತು. ಕಾಲೊನಿಯ ಕ್ಲಾಸಿನವರಿಗೆ ಈ ಮೀನಿನ ಕಥೆ ಹೇಳಿ ನೋಡಿ.

ಬಣ್ಣದ ಕನ್ನಡಕ ಮಾರುವವರೂ ಬರಬಹುದು. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಕೂಡಿ ಹೇಳಿವೆ, ಡಿಸ್ಲೆಕ್ಸಿಯಾಕ್ಕೆ ಅದರಿಂದ ಉಪಯೋಗ ಇದೆ ಎನ್ನಲು ಆಧಾರ ಇಲ್ಲ ಎಂದು.

ಪ್ರಶ್ನೆ: ನನಗೆ 24. ಮೋಟರ್ ಮೆಕ್ಯಾನಿಕ್. ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿ ಬಿಟ್ಟೆ. ಓದಲು ಕೂತರೆ ಸಾಲು ಕಲಸಿಹೋಗುತ್ತದೆ. ಈ ಪತ್ರ ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿದ್ದು. ಹೆಂಡತಿ ಗರ್ಭಿಣಿ. ನನ್ನದು ಮಗುವಿಗೂ ಬರುತ್ತದಾ? ನನ್ನ ಮಿದುಳು ಇನ್ನು ಬದಲಾಗುತ್ತದಾ, ಹೊತ್ತು ಮೀರಿದೆಯಾ?
– ಹಳೇ ಹುಬ್ಬಳ್ಳಿ

ತಮ್ಮಾ, ಎರಡನೆಯದಕ್ಕೆ ಮೊದಲು ಉತ್ತರ. ಮೇಲೆ ಹೇಳಿದ ಪೋರ್ಚುಗಲ್, ಬ್ರೆಜಿಲ್‌ನವರಲ್ಲಿ ದೊಡ್ಡವರಾದ ಮೇಲೆ ಕಲಿತವರೂ ಇದ್ದರಲ್ಲ, ಅವರ ಮಿದುಳಿನಲ್ಲೂ ಅಕ್ಷರ ಜಾಗ ಮಾಡಿಕೊಂಡಿತ್ತು. ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಗಳಲ್ಲಿ, ಓದು ಬಾರದ ಮೂವತ್ತರ ಆಸುಪಾಸಿನ ಜನರಿಗೆ ಆರು ತಿಂಗಳು ದೇವನಾಗರಿ ಕಲಿಸಿದರು. ಕಲಿತವರು 21 ಜನ, ಹೋಲಿಸಿ ನೋಡಲು ಕಲಿಸದೆ ಬಿಟ್ಟವರು 9. ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿದರು. ಕಲಿತವರಲ್ಲಿ ಮಿದುಳಿನ ಮೇಲ್ಪದರ ಅಷ್ಟೇ ಅಲ್ಲ, ಒಳಗಿನ ಹಳೆಯ ಭಾಗಗಳೂ ಕಣ್ಣಿನ ಕೆಲಸಕ್ಕೆ ಹೊಸದಾಗಿ ಕೈಜೋಡಿಸಿದ್ದವು. 2017ರಲ್ಲಿ ಇದು ಪ್ರಕಟವಾಯಿತು. ಅವರಿಗೆ ಡಿಸ್ಲೆಕ್ಸಿಯಾ ಇರಲಿಲ್ಲ, ಶಾಲೆ ಸಿಕ್ಕಿರಲಿಲ್ಲ ಅಷ್ಟೇ. ನಿಮ್ಮದು ಅದಕ್ಕಿಂತ ಕಷ್ಟದ ದಾರಿ, ನಿಧಾನ ಇದ್ದೇ ಇರುತ್ತದೆ. ಆದರೆ ಇಪ್ಪತ್ತನಾಲ್ಕಕ್ಕೆ ಬಾಗಿಲು ಮುಚ್ಚುವುದಿಲ್ಲ.

ನಿಮಗೆ ಇರುವುದು ಡಿಸ್ಲೆಕ್ಸಿಯಾನೇ ಎಂದು ನಾನು ಪತ್ರ ನೋಡಿ ಹೇಳಲಾರೆ. ಇದ್ದರೆ, ಮಗುವಿಗೂ ಬರುವ ಸಾಧ್ಯತೆ ಇದೆ. ಹೀಗೆ ತಂದೆಗೋ ತಾಯಿಗೋ ಇದ್ದಾಗ ಹತ್ತು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಓದು ಕಷ್ಟ ಆಗುತ್ತದೆ. ಉಳಿದ ಐದಾರಕ್ಕೆ ಆಗುವುದಿಲ್ಲ ಎಂಬುದೂ ಅದೇ ಲೆಕ್ಕ. ಕೂಸಿಗೆ ಹಾಡು ಹೇಳಿ, ಒಗಟು ಹೇಳಿ, ಪ್ರಾಸದ ಆಟ ಆಡಿಸಿ. ನಾಲ್ಕೈದು ವರ್ಷಕ್ಕೆ ಪದಗಳ ಸದ್ದು ತಿರುವುಮುರುವು ಮಾಡುತ್ತಿದೆ, ಪ್ರಾಸ ಹಿಡಿಯುವುದಿಲ್ಲ, ಬಣ್ಣದ ಹೆಸರು ಬಾಯಿಗೆ ಬರಲು ತಡವರಿಸುತ್ತದೆ ಎಂದು ಕಂಡರೆ ಸುಮ್ನೆ ಕಾಯಬೇಡಿ. ಸಾಲಿಗೆ ಸೇರಿಸುವ ದಿನವೇ ಅಕ್ಕೋರಿಗೆ "ನನಗೂ ಹೀಗೇ ಇತ್ತು" ಎಂದು ಹೇಳಿ. ನಾಚಿಕೆಯಿಂದ ಅಪ್ಪಂದಿರು ಮುಚ್ಚಿಡುವುದರಿಂದಲೇ ಎರಡು ಮೂರು ವರ್ಷ ಹಾಳಾಗುವುದನ್ನು ನಾನು ನೋಡುತ್ತಿದ್ದೇನೆ.

ಇನ್ನು ಎಸ್ಸೆಸ್ಸೆಲ್ಸಿ. ಮತ್ತೆ ಕಟ್ಟುವ ಮನಸ್ಸಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರಮಾಣಪತ್ರ ಸಿಕ್ಕರೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಇಂಥ ಅನುಕೂಲ ಕೇಳಬಹುದು. ಆದರೆ ಕಾಗದಪತ್ರ ಎಲ್ಲ ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೇ ಕೈಯಲ್ಲಿರಬೇಕು. ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತು ಕೇಳಿದರೆ ಯಾರೂ ಕೊಡುವುದಿಲ್ಲ.